ಗಡ್ಡದ ಪರೀಕ್ಷೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಕಂಡಕಂಡವರಿಗೆಲ್ಲ ಹೇಳುತ್ತಾಳೆ. ಮೂಗಿನ ಕೆಳಗೆ ಏನಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ. ಎದೆಯ ಮೇಲಿಳಿಯುವ ಗಡ್ಡ, ಅದಕ್ಕೆ ತಕ್ಕ ಮೀಸೆ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು ನಾನು. ಬೋಗಿಯ ಬಾಗಿಲಲ್ಲಿ ನನ್ನ ಗಡ್ಡ ಕಂಡರೆ ಸಾಕು, ಟಿಕೆಟ್ ಇಲ್ಲದವರು ತಾವಾಗಿಯೇ ಎದ್ದು ನಿಲ್ಲುತ್ತಿದ್ದರು. ದಿನಾ ಬೆಳಿಗ್ಗೆ ಅದಕ್ಕೆ ಎಣ್ಣೆ, ಬಾಚಣಿಗೆ, ಉಪಚಾರ. ತನ್ನನ್ನು ಒಂದು ದಿನವೂ ಇಷ್ಟು ಮುದ್ದು ಮಾಡಿದ್ದಿಲ್ಲ ಎಂದು ಇವಳ ಗೊಣಗಾಟ.

ನಿವೃತ್ತನಾದ ಮೇಲೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸಾಲಾಗಿ ಜೋಡಿಸಲು ಹೋದೆ. ಮಾರನೇ ದಿನವೇ ಅವಳು ನಿರಾಶ್ರಿತರ ಮಕ್ಕಳಿಗೆ ಪಾಠ ಹೇಳಿಕೊಡುವ ಸಂಘದಲ್ಲಿ ನನ್ನ ಹೆಸರು ಬರೆಸಿಬಂದಳು. ಸಂಬಳವಿಲ್ಲದ ಕೆಲಸ. ಸಂಜೆ ಹೊತ್ತು ಒಂದು ಮಗುವಿಗೆ ಪಾಠ ಹೇಳಬೇಕು, ಮನೆಯವರಿಗೆ ಊರು ರೂಢಿಯಾಗುವವರೆಗೆ ಕೈಹಿಡಿದು ನಡೆಸಬೇಕು.

ನನ್ನ ಪಾಲಿಗೆ ಬಂದವಳು ಏಳು ವರ್ಷದ ಒಂದು ಹುಡುಗಿ. ಬೇಕರಿಯ ಮೇಲಿನ ಮಹಡಿಯಲ್ಲಿ ಒಂದೂವರೆ ಕೋಣೆ, ಕುಂಟುವ ಕಾಲಿಗೆ ರಟ್ಟು ಇಟ್ಟ ಮೇಜು. ಅದರ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ಲೆಕ್ಕ ಕೊಟ್ಟರೆ ಪಟಪಟನೆ ಮಾಡುತ್ತಾಳೆ, ಕಾಗುಣಿತ ತಪ್ಪುವುದಿಲ್ಲ. ಆದರೆ ಬಾಯಿಂದ ಒಂದು ಮಾತಿಲ್ಲ. ಏನು ಕೇಳಿದರೂ ತಲೆ ಆಡಿಸುವುದು, ಅಷ್ಟೇ. ಶಾಲೆಯಲ್ಲಿ ಇವಳ ಬಾಯಿ ಮುಚ್ಚಿಸುವುದೇ ಕಷ್ಟವಂತೆ! ಒಂದು ದಿನ ರೇಗಿ ಅವಳಮ್ಮನನ್ನೇ ಕೇಳಿದೆ. ಆಕೆ ಸಂಕೋಚದಿಂದ, ಊರು ಬಿಟ್ಟು ಬಂದ ದಾರಿಯುದ್ದಕ್ಕೂ ಗೇಟುಗಳಲ್ಲಿ ತಮ್ಮನ್ನು ತಡೆದು ಕಾಗದಪತ್ರ ಕೇಳಿದವರಿಗೆಲ್ಲ ಇಂಥದೇ ಗಡ್ಡವಿತ್ತು, ಇದರಲ್ಲಿ ನಿಮ್ಮ ತಪ್ಪೇನಿಲ್ಲ ಮೇಷ್ಟ್ರೇ ಎಂದಳು. ಯಾರದೋ ಪಾಪಕ್ಕೆ ನನ್ನ ಗಡ್ಡ ಹೊಣೆಯೇ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೂ ಪಾಠಕ್ಕೆ ಹೋಗುವುದನ್ನು ಬಿಡಲಿಲ್ಲ.

ಅವಳಪ್ಪ ತಮ್ಮೂರಿನಲ್ಲಿ ಸ್ವಂತ ಸಲೂನ್ ಇಟ್ಟಿದ್ದವನು. ಇಲ್ಲಿ ಲೈಸೆನ್ಸ್ ಇಲ್ಲದೆ ಕತ್ತರಿ ಹಿಡಿಯುವಂತಿಲ್ಲ. ಹೋಟೆಲೊಂದರಲ್ಲಿ ಪಾತ್ರೆ ತೊಳೆದು ತೊಳೆದು ಅವನ ಬೆರಳುಗಳೆಲ್ಲ ಬಿಳಿಚಿಕೊಂಡಿದ್ದವು. ಬೀದಿ ತಿರುವಿನ ಸಲೂನಿನವನು, ಈ ಸಲದ ಪರೀಕ್ಷೆ ಪಾಸಾದರೆ ಎರಡನೇ ಕುರ್ಚಿ ನಿನ್ನದು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದ. ಪರೀಕ್ಷೆಯೆಂದರೆ ಅಧಿಕಾರಿಯ ಕಣ್ಣೆದುರೇ ಚೆನ್ನಾಗಿ ಬೆಳೆದ ಗಡ್ಡವೊಂದನ್ನು ನುಣ್ಣಗೆ ಬೋಳಿಸಬೇಕು. ಗಡ್ಡದವರನ್ನು ನಾವೇ ಕರೆತರಬೇಕು. ಅದಕ್ಕೆಂದೇ ಅವಳಪ್ಪನ ಭಾಮೈದ ವಾರಗಟ್ಟಲೆ ಗಡ್ಡ ಬಿಟ್ಟು, ಕೆರೆದುಕೊಂಡು ಓಡಾಡುತ್ತಿದ್ದ.

ಪರೀಕ್ಷೆಯ ಹಿಂದಿನ ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಉಪದೇಶ ಮಾಡಿದೆ. ಅಧಿಕಾರಿಗಳ ಮುಂದೆ ನೀಟಾಗಿರಬೇಕು, ಬಟ್ಟೆಗೆ ಇಸ್ತ್ರಿ, ಬೂಟಿಗೆ ಪಾಲಿಶ್, ಯಾರೂ ನಿದ್ದೆಯಿಂದ ಎದ್ದುಬಂದವರ ಹಾಗೆ ಬರಕೂಡದು ಎಂದೆ.

ಬೆಳಿಗ್ಗೆ ಪರೀಕ್ಷಾ ಕೇಂದ್ರದ ಪಡಸಾಲೆಯಲ್ಲಿ ಅವಳಪ್ಪ, ಅಮ್ಮ, ಹುಡುಗಿ, ನಾನು ಕಾಯುತ್ತಿದ್ದೆವು. ಭಾಮೈದ ಬಂದ. ಇಸ್ತ್ರಿ ಮಾಡಿದ ಅಂಗಿ, ಮಿರಮಿರ ಮಿಂಚುವ ಬೂಟು, ತೊಳೆದಿಟ್ಟ ಸ್ಟೀಲ್ ತಟ್ಟೆಯಂಥ ಮುಖ. ಗಡ್ಡವೂ ಇಲ್ಲ, ಮೀಸೆಯೂ ಇಲ್ಲ.

ತಲೆಯಲ್ಲಿ ಮೆದುಳಿದೆಯೋ ಮಣ್ಣಿದೆಯೋ ಎಂದು ಅವನ ಮೇಲೆ ಹರಿಹಾಯ್ದೆ. ಅವನು ಪಿಳಿಪಿಳಿ ಕಣ್ಣು ಬಿಡುತ್ತಾ, "ಮೇಷ್ಟ್ರೇ, ನೀವೇ ಅಲ್ವಾ ನೀಟಾಗಿ ಬಾ ಅಂದಿದ್ದು?" ಎಂದ.

ಬೀದಿಗೆ ಓಡಿದೆ. ಪೇಪರ್ ಮಾರುವವನ ಗಡ್ಡ ಚೆನ್ನಾಗಿತ್ತು. ಕೇಳಿದ್ದಕ್ಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬೆನ್ನು ತಿರುಗಿಸಿದ. ಬಸ್ ಕಾಯುತ್ತಿದ್ದ ಗಡ್ಡದ ಕಾಲೇಜು ಹುಡುಗನೊಬ್ಬ, ಬೋಳಿಸಬೇಕು ಎಂಬ ಮಾತು ಕಿವಿಗೆ ಬಿದ್ದದ್ದೇ ತನ್ನದಲ್ಲದ ಬಸ್ಸು ಹತ್ತಿ ಪರಾರಿಯಾದ. ಏದುಸಿರು ಬಿಡುತ್ತಾ ವಾಪಸ್ ಬಂದಾಗ ಅವಳಪ್ಪ ಟವೆಲನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದ. ಭಾಮೈದ ನನ್ನ ಗಡ್ಡ ನೋಡಿದ. ಅವಳಮ್ಮನೂ ನೋಡಿದಳು.

"ಬೇಡ," ಎಂದ ಅವಳಪ್ಪ. "ಮೇಷ್ಟ್ರ ಗಡ್ಡ ಮುಟ್ಟೋದು ಬೇಡ. ಪಾತ್ರೆ ತೊಳೆಯೋದು ನನಗೇನು ಹೊಸದಲ್ಲ."

ಆ ಬಿಳಿಚಿದ ಬೆರಳುಗಳನ್ನು ನೋಡಿ ನನ್ನ ಮೇಲೇ ನನಗೆ ಸಿಟ್ಟು ಬಂತು.

"ಸಾಕು, ಬಾಯ್ಮುಚ್ಕೊಂಡು ಟವೆಲ್ ಬಿಚ್ಚಯ್ಯಾ," ಎಂದು ಗದರಿದೆ.

ಮೊದಲು ಕತ್ತರಿ ಆಡಿತು. ನನ್ನ ಸಾಕುಪ್ರಾಣಿಯಂತಿದ್ದ ಗಡ್ಡ ಗೊಂಚಲು ಗೊಂಚಲಾಗಿ ನೆಲಕ್ಕೆ ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಅವಳಪ್ಪ ಬ್ರಷ್ಷಿನಲ್ಲಿ ನೊರೆ ಎಬ್ಬಿಸಿ ನನ್ನ ಕೆನ್ನೆಗೆ ಬಳಿದ. ಗದ್ದ ಎತ್ತಿ ಎಂದ, ಎತ್ತಿದೆ. ತುಟಿ ಒಳಗೆಳೆದುಕೊಳ್ಳಿ ಎಂದ, ಎಳೆದುಕೊಂಡೆ. ಅಷ್ಟು ಹೊತ್ತು ಸುಮ್ಮನಿದ್ದದ್ದು ನನ್ನ ಜನ್ಮದಲ್ಲೇ ಮೊದಲು. ಕೊನೆಗೆ ಪರೀಕ್ಷೆ ಮಾಡುವ ಹೆಂಗಸು ಕನ್ನಡಕ ಸರಿಮಾಡಿಕೊಂಡು ನನ್ನ ಕೆನ್ನೆಯ ಮೇಲೆ ಹತ್ತಿಯ ಉಂಡೆ ಎಳೆದು ನೋಡಿದಳು. ಹತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅವಳು ಮೊಹರು ಕೈಗೆತ್ತಿಕೊಂಡಳು.

ಗೋಡೆಗೆ ಅಂಟಿ ನಿಂತಿದ್ದ ಹುಡುಗಿ ಅಷ್ಟರಲ್ಲಿ ನನ್ನ ಹತ್ತಿರ ಬಂದಳು. ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದಳು. ನನ್ನ ಕಿವಿಯ ಹತ್ತಿರ ಬೆರಳಿಟ್ಟು, ಇಡೀ ಕೋಣೆಗೆ ಕೇಳುವ ಹಾಗೆ, "ಅಪ್ಪಾ, ಮೇಷ್ಟ್ರಿಗೆ ಇಲ್ಲಿ ಇನ್ನೂ ಕೂದಲು ಉಳ್ಕೊಂಡಿದೆ," ಎಂದಳು.

ಅವಳಪ್ಪನ ಮುಖ ಕಪ್ಪಿಟ್ಟಿತು. ಭಾಮೈದ ಹಾರಿ ಬಂದು ಅವಳ ಬಾಯಿ ಮುಚ್ಚಿದ. ನಾನು ಅವನ ಕೈಯನ್ನು ಕಿತ್ತೆಸೆದೆ.

"ಬಿಡೋ, ಮಾತಾಡ್ಲಿ ಅವಳು."

ಎತ್ತಿದ ಮೊಹರು ಎತ್ತಿದ ಹಾಗೇ ಇತ್ತು. ಪರೀಕ್ಷೆಯ ಹೆಂಗಸು ಎದ್ದು ಬಂದು, ಬಗ್ಗಿ, ಹುಡುಗಿ ತೋರಿಸಿದ ಜಾಗವನ್ನು ದಿಟ್ಟಿಸಿ ನೋಡಿದಳು. "ಇದು ಕಿವಿಯೊಳಗಿನ ಕೂದಲು ಪುಟ್ಟಿ. ಗಡ್ಡದ ಲೆಕ್ಕಕ್ಕೆ ಬರಲ್ಲ," ಎಂದು ಹೇಳಿ, ಹೋಗಿ ಮೊಹರು ಒತ್ತಿದಳು. ಅವಳಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ತೆಗೆಯಲಿಲ್ಲ.

ಮನೆಯವರೆಗೂ ಹುಡುಗಿ ನನ್ನ ಪಕ್ಕದಲ್ಲೇ ನಡೆದಳು, ಬಾಯಿಗೆ ಬಿಡುವೇ ಇಲ್ಲ. ನಿಮ್ಮ ಗದ್ದದಲ್ಲಿ ಗುಳಿ ಇದೆ, ನಿಮ್ಮ ಕೆನ್ನೆ ಕೆಳಗಡೆ ಬೆಳ್ಳಗಿದೆ, ಹೋದ ವಾರ ನೀವು ಹೇಳಿಕೊಟ್ಟ ಲೆಕ್ಕ ತಪ್ಪು, ಆಗಲೇ ಗೊತ್ತಿತ್ತು ಎಂದೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಳು. ನನಗೆ ಸಂತೋಷಕ್ಕೆ ಅಳುವೇ ಬಂತು. ಗದ್ದ ಅದುರತೊಡಗಿತು. ಮರೆಮಾಡೋಣವೆಂದರೆ ಗಡ್ಡವಿರಲಿಲ್ಲ. ಯಾಕೆ ಅದುರುತ್ತಿದೆ ಎಂದು ಅವಳು ಕೇಳಿಯೇಬಿಟ್ಟಳು.

"ಚಳಿ ಕಣಮ್ಮ," ಎಂದೆ.

ಅವಳು ತನ್ನ ಕೊರಳಿನ ಉಲ್ಲನ್ ಮಫ್ಲರ್ ಬಿಚ್ಚಿ, ನನಗೆ ಬಗ್ಗಲು ಹೇಳಿದಳು. ಬಗ್ಗಿದೆ. ಗದ್ದ, ಕಿವಿ ಎಲ್ಲ ಮುಚ್ಚುವ ಹಾಗೆ ಸುತ್ತಿ ಗಂಟು ಹಾಕಿದಳು.

"ಈಗ ಬೆಚ್ಚಗಾಯ್ತಾ?"

ನಾನು ತಲೆ ಆಡಿಸಿದೆ, ಅಷ್ಟೇ.