ಮರ್ನಾಳ ಯಂತ್ರ

ಮರ್ನಾ ಪಿಲ್ ಮೂರು ವಾರದಿಂದ ಕ್ಲೆಮ್ ಜೊತೆ ಮಾತು ಬಿಟ್ಟಿದ್ದಳು. ಮರ್ರೆ ನದಿ ದಂಡೆಯ ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷ ಜೋಡಿಯಾಗಿ ಬೌಲ್ಸ್, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟ, ಆಡಿದವರು ಇವರು. ಜಗಳ ತಂದಿಟ್ಟದ್ದು ಒಳಗಿನ ಕೋಣೆಯ ಪೋಕಿ, ಗುಂಡಿ ಒತ್ತಿದರೆ ಚಿತ್ರಗಳು ತಿರುಗುವ ಜೂಜಿನ ಯಂತ್ರ. ಕುರ್ಚಿಯನ್ನು ಯಂತ್ರಕ್ಕೆ ಒರಗಿಸಿಟ್ಟು ಹೋದರೆ ಆ ಜಾಗ ಹಿಡಿದಿಟ್ಟದ್ದು ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಆವತ್ತು ಮಧ್ಯಾಹ್ನವೆಲ್ಲ ದುಡ್ಡು ಸುರಿದ ಮರ್ನಾ ಹಾಗೇ ಒರಗಿಸಿಟ್ಟು ಶೌಚಾಲಯಕ್ಕೆ ಹೋಗಿದ್ದಳು. ಅರವತ್ತೆಂಟರ ಮಂಡಿ, ಸ್ವಲ್ಪ ತಡವಾಯಿತು. ಅವಳು ಮನೆಗೆ ಹೋದಳೆಂದುಕೊಂಡ ಕ್ಲೆಮ್ ಕುರ್ಚಿ ಎಳೆದು ಕೂತ, ಒಂದೇ ಒತ್ತಿಗೆ ಆರು ಸಾವಿರ ಡಾಲರ್ ಹೊಡೆದ!

ಅಂದಿನಿಂದ ಮರ್ನಾಗೆ ಒಂದೇ ಹಟ, ತನ್ನ ದುಡ್ಡನ್ನು ಆ ಯಂತ್ರದಿಂದ ಕಕ್ಕಿಸಬೇಕು. ಇವತ್ತು ಕಾರಿನ ನೋಂದಣಿಗೆಂದು ಇಟ್ಟಿದ್ದ ದುಡ್ಡನ್ನೇ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ನೋಡಿದರೆ ರಿಪೇರಿಯ ಸ್ಟಾವ್ರೊ ಯಂತ್ರದ ಬಾಗಿಲು ತೆಗೆದು ಕೂತಿದ್ದ.

ಮರ್ನಾ ಒಳಗೆ ಇಣುಕಿದಳು. "ಚಿತ್ರ ತಿರುಗಿಸೋ ಚಕ್ರ ಎಲ್ಲಪ್ಪಾ ಇದರಲ್ಲಿ?"

"ಚಕ್ರ ಎಲ್ಲಿಂದ ತರ್ಲಿ? ಪರದೆ ಮೇಲೆ ತಿರುಗೋದೆಲ್ಲ ನಾಟಕ. ಒಳಗೆ ಸಂಖ್ಯೆಗಳು ಒಂದೇ ಸಮ ಓಡ್ತಿರ್ತವೆ. ನಿಮ್ಮ ಬೆರಳು ಬಿದ್ದಾಗ ಯಾವುದು ಸಿಕ್ತೋ ಅದೇ ನಿಮ್ಮ ಹಣೆಬರಹ."

"ಇಷ್ಟು ತಿಂದಿದೆಯಲ್ಲ, ಕೊಡೋ ಹೊತ್ತು ಬಂದಿರ್ಬೇಕು."

"ತಿಂದಿದ್ದು ಅದಕ್ಕೆ ನೆನಪೇ ಇರಲ್ಲ ಕಣಮ್ಮ. ಪ್ರತಿ ಸಲಾನೂ ಹೊಸದು. ಆಡ್ತಾ ಹೋದ್ರೆ ಕೊನೆಗೆ ಗೆಲ್ಲೋದು ಯಂತ್ರಾನೇ, ಹಾಗೇ ಮಾಡಿಟ್ಟಿರೋದು."

"ಆವತ್ತು ನಾನೇ ಕೂತಿದ್ರೆ?"

"ಕಣ್ಣು ಮಿಟುಕಿಸೋಷ್ಟು ಆಚೀಚೆ ಒತ್ತಿದ್ರೂ ಬೇರೆ ಸಂಖ್ಯೆ. ಆ ದುಡ್ಡು ನಿಮ್ಮದು ಅಂತ ಯಾವತ್ತೂ ಇರ್ಲಿಲ್ಲ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮರ್ನಾಳ ಎದೆ ಹಗುರಾಯಿತು. ಕ್ಲೆಮ್ ಅವಳದೇನನ್ನೂ ಕದ್ದಿರಲಿಲ್ಲ. ಇನ್ನು ಈ ದರಿದ್ರ ಪೆಟ್ಟಿಗೆಯನ್ನು ಕಾಯುವ ಕೆಲಸವೂ ಇಲ್ಲ! ಅವಳಿಗೆ ನಗು ಬಂತು, ಜೊತೆಗೆ ಒಂದಿಷ್ಟು ಅಳುವೂ.

ಹೊರಗೆ ಹುಲ್ಲಿನ ಮೇಲೆ ಕ್ಲೆಮ್ ಒಬ್ಬನೇ ಚೆಂಡು ಉರುಳಿಸುತ್ತಿದ್ದ.

"ಒಬ್ಬನೇ ಆಡಿ ಯಾರನ್ನ ಸೋಲಿಸ್ತಿದೀಯೋ ಮುದುಕಾ?"

ಕ್ಲೆಮ್ ತಿರುಗಿದ. "ಅರ್ಧ ನಿನಗೇ ಅಂತ ಎತ್ತಿಟ್ಟಿದೀನಿ ಕಣೇ. ಮುಖ ಕೊಟ್ಟು ಮಾತಾಡಿದ್ರೆ ತಾನೇ ಹೇಳೋದು!"

"ಬೇಡ. ಕೊಟ್ರೆ ನಾಳೆ ಮಧ್ಯಾಹ್ನದೊಳಗೆ ಆ ಯಂತ್ರಕ್ಕೇ ಸುರಿದು ಬರ್ತೀನಿ."

ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

"ಕೌಂಟರಿಗೆ ಜೊತೇಲಿ ಬಾ. ನನ್ನ ಫೋಟೊ ಕೊಟ್ಟು, ನನ್ನನ್ನ ಆ ಕೋಣೆಗೆ ಬಿಡ್ಬೇಡಿ ಅಂತ ನಾನೇ ಬರೆದುಕೊಡ್ತೀನಿ. ಹಾಗೆ ಬರೆದುಕೊಟ್ರೆ ಕ್ಲಬ್ಬಿನವರು ನನ್ನ ಒಳಗೆ ಬಿಡೋ ಹಾಗಿಲ್ಲ. ಒಬ್ಳೇ ಹೋದ್ರೆ ದಾರೀಲೇ ಮನಸ್ಸು ಬದಲಾಗುತ್ತೆ."

ಕ್ಲೆಮ್ ಚೆಂಡು ಕೆಳಗಿಟ್ಟು ಅವಳ ತೋಳು ಹಿಡಿದ. ಕೌಂಟರಿಗೆ ಹೋಗುವ ದಾರಿ ಆ ಕೋಣೆಯ ಬಾಗಿಲ ಮುಂದೆಯೇ ಇತ್ತು. ಇಬ್ಬರೂ ಅದನ್ನು ದಾಟಿ ಹೋದರು.