ಬಾಲಂಗೋಚಿ

ಬಾಲಂಗೋಚಿ, ಅಂದ ದೊಡ್ಡಣ್ಣ, ನೀನೂ ಬಾಲಂಗೋಚಿ, ನಿನ್ನ ಆಟವೂ ಬಾಲಂಗೋಚಿ, ದೀಪಕ್ಕೇ ಹೊಟ್ಟೆ ಸೀಳಿ ಬರೆಯೋನು ಆಟ ಕಟ್ತಾನಂತೆ ಆಟ — ಎಲ್ಲರ ಎದುರಿಗೇ ಅಂದ, ಚಿತ್ರ ಬರೆಯುವವಳು, ಸದ್ದು ಕೂಡಿಸುವವನು, ಮೊನ್ನೆ ಸೇರಿದ ಇಬ್ಬರು, ಗಾಜಿನ ಗೋಡೆಗೆ ಮೂಗು ಹಚ್ಚಿ ಆಚೆಯ ಕೋಣೆ ನೋಡುತ್ತಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು, ಸದ್ದಿನವನು ಕೆಮ್ಮಿದ, ನಗು ನುಂಗಿದ ಕೆಮ್ಮು, ಅಷ್ಟೂ ತಿಳಿಯದವನೇ ನಾನು, ಕಿವಿ ಕಾದ ಕಾವಲಿಯಾಗಿದೆ, ಕೈಯಲ್ಲಿ ಮನೆಯಿಂದ ತಂದ ಹಳೇ ವಿಡಿಯೋ ಗೇಮ್ ಕಂಟ್ರೋಲರ್, ಅದರ ವೈರು ಮೊಣಕಾಲಿನ ತನಕ ಜೋತಾಡುತ್ತಿದೆ, ಒಂದು ಸಲ ಬೀಸಿದರೆ ಆ ಹಣೆಗೆ ಸರಿಯಾಗಿ ಬಿದ್ದೀತು — ಬೀಸಲೇ, ಬೇಡ, ಇನ್ನು ಹನ್ನೊಂದೇ ನಿಮಿಷ. ದೊಡ್ಡಣ್ಣ ಅನ್ನುತ್ತಾರೆ ಅವನನ್ನು ಇಲ್ಲಿ ಎಲ್ಲರೂ, ನಾನೂ ಅನ್ನುತ್ತೇನೆ, ಕರ್ಮ, 'ಹನ್ನೆರಡು ಬಾಗಿಲು' ಕಟ್ಟಿದವನು, ನಾಲ್ಕು ಭಾಗ, ಲೋಕವೆಲ್ಲ ಆಡುವ ಆಟ, ಬಾಗಿಲಿಗೊಬ್ಬ ರಾಕ್ಷಸ, ಕತ್ತಿ ಹಿಡಿದ ವೀರ, ಕೊಚ್ಚು, ಮುಂದೆ ಹೋಗು, ಮತ್ತೆ ಕೊಚ್ಚು, ಆಮೇಲೆ ಅದರದ್ದೇ ಸ್ಪಿನ್-ಆಫ್‌ಗಳು, ಅದಕ್ಕೇ ಹುಟ್ಟಿದ ಮರಿ ಆಟಗಳು, ವೀರನ ಕುದುರೆ ರೇಸು ಓಡಿದ್ದು, ರಾಕ್ಷಸರೆಲ್ಲ ಪುಟಾಣಿ ಕಾರಲ್ಲಿ ಕೂತು ಗುದ್ದಾಡಿದ್ದು, ಆಗ ಯಾರೂ ಬಾಲಂಗೋಚಿ ಅನ್ನಲಿಲ್ಲ, ಅವನ್ನು ಕಟ್ಟಿದವರು ಡಿಗ್ರಿ ಓದಿದ್ದರು, ನಾನು ಒಂಬತ್ತನೇ ಕ್ಲಾಸಿನ ನಡುವೆ ಚೀಲ ಎಸೆದು ಬಂದವನು, ಬೈಗುಳದಲ್ಲಿ ಪರೀಕ್ಷೆ ಇಟ್ಟಿದ್ದರೆ ನಾನೇ ಮೊದಲು ಬರುತ್ತಿದ್ದೆ ದೊಡ್ಡಣ್ಣ, ತಿಳಿದುಕೋ.

ಎಷ್ಟು ಕುರ್ಚಿ ಇನ್ನೂ ತುಂಬಿವೆ, ಏಳು, ಎಣಿಸು ಮತ್ತೆ, ಏಳೇ. ಹೊರಗಿನಿಂದ ಕರೆಸಿದ ಹತ್ತು ಜನ, ನನ್ನ ಆಟವನ್ನು ಒಂದು ಗಂಟೆ ಆಡಬೇಕು, ಬೇಸರವಾದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು, ಗಂಟೆ ಬಾರಿಸಿದಾಗ ಆರು ಜನ ಕೂತಿದ್ದರೆ ನನ್ನ ಆಟ ತನ್ನ ಹೆಸರಿನಲ್ಲೇ ಹೊರಗೆ ಹೋಗುತ್ತದೆ, ಇಲ್ಲವಾದರೆ ಅದನ್ನು ಮುರಿದು ದೊಡ್ಡ ಆಟದ ಐದನೇ ಭಾಗದ ಒಂದು ಮೂಲೆಗೆ ತುರುಕುತ್ತಾರೆ, ಮೇಡಂ ಹಾಕಿದ ಷರತ್ತು, ಕಂಪನಿಯೇ ಅವರದ್ದು. ಮೊದಲ ಹತ್ತು ನಿಮಿಷಕ್ಕೇ ಮೂವರು ಎದ್ದರು, ಒಬ್ಬ ಕತ್ತಿ ಎಲ್ಲಪ್ಪಾ ಅಂದ, ಕತ್ತಿ ಇಲ್ಲ ಸಾರ್ ಅಂದೆ, ಹಾಗಾದ್ರೆ ಇವನ್ನ ಹೇಗೆ ಕೊಲ್ಲೋದು, ಕೊಲ್ಲೋದು ಬೇಡ ಸಾರ್, ಬೇಡ್ವಾ, ಎದ್ದೇ ಹೋದ ಪುಣ್ಯಾತ್ಮ. ಇರುವುದು ಒಂದೇ ಬಟನ್, ಅಂಗೈಯನ್ನು ದೀಪಕ್ಕೆ ಮರೆ ಮಾಡುವುದು, ಅಷ್ಟೇ, ದೊಡ್ಡ ಆಟದಲ್ಲಿ ವೀರನ ಹಿಂದೆ ದೀಪ ಹಿಡಿದು ಮೂರು ಹೆಜ್ಜೆ ದೂರದಲ್ಲಿ ಬರುತ್ತಾನಲ್ಲ ಗೂನು ಬೆನ್ನಿನ ಅಜ್ಜ, ಮಾತಿಲ್ಲ ಕತೆಯಿಲ್ಲ, ನನ್ನ ಆಟದಲ್ಲಿ ಅವನೊಬ್ಬನೇ, ಗಾಳಿ ಬಂದರೆ ಅಂಗೈ ಅಡ್ಡ ಹಿಡಿಯಬೇಕು, ಹನ್ನೆರಡು ಬಾಗಿಲು ದಾಟುವ ತನಕ ದೀಪ ಆರಬಾರದು — ಅಗೋ, ಬಸ್ಸು ಓಡಿಸುವ ಯಜಮಾನರು ಮೂರನೇ ಬಾಗಿಲಲ್ಲಿದ್ದಾರೆ, ವೀರ ಯಾವಾಗಲೂ ತಲೆ ತೆಗೆಯುವ ಆ ಎಂಟು ಬೆರಳಿನ ರಾಕ್ಷಸ ಅಜ್ಜನ ಪಕ್ಕ ಕುಕ್ಕರುಗಾಲಲ್ಲಿ ಕೂತು ತನ್ನ ಮೊರದಂಥ ಕೈಯನ್ನೂ ದೀಪಕ್ಕೆ ಅಡ್ಡ ಹಿಡಿದ, ಯಜಮಾನರು ನಕ್ಕರು, ಹೊಟ್ಟೆ ಕುಲುಕಿ ನಕ್ಕರು, ಗಾಜಿನಾಚೆಗೆ ಸದ್ದು ಬರುವುದಿಲ್ಲ, ಆದರೂ ಕೇಳಿಸಿತು ನನಗೆ, ನನ್ನ ಹೊಟ್ಟೆಯೊಳಗೇ ಕೇಳಿಸಿತು.

ದೀಪಕ್ಕೆ ಹೊಟ್ಟೆ ಸೀಳಿದ್ದು ನಿಜ, ದ ಇರಬೇಕಾದಲ್ಲಿ ಧ ಬರೆದದ್ದು, ನಾಲ್ಕನೇ ಭಾಗ ಬರುವಾಗ ತಪ್ಪು ಹುಡುಕುವ ಕೆಲಸ ನನ್ನದು, ದಿನವಿಡೀ ಆಡುವುದು, ಪಟ್ಟಿಯಲ್ಲಿ ಸರಿ ಅಥವಾ ತಪ್ಪು ಅಂತ ಬರೆಯುವುದು, ಸೇತುವೆಯ ಮೇಲೆ ಅಜ್ಜ ತಟ್ಟನೆ ನಿಂತುಬಿಟ್ಟ, ವೀರ ಮುಂದೆ ಹೋದರೂ ಇವನು ಹೋಗಲೊಲ್ಲ, ಅಂಗೈಯನ್ನು ದೀಪಕ್ಕೆ ಅಡ್ಡ ಹಿಡಿದು ನೀರು ನೋಡುತ್ತ ನಿಂತ, ಎಲ್ಲೋ ಏನೋ ಕೆಟ್ಟಿದೆ, ತಪ್ಪು ಅಂತ ಬರೆಯಬೇಕು, ಕೈ ಬರೆಯಲಿಲ್ಲ, ಸರಿ ಅಂತ ಬರೆದು ಪಕ್ಕದಲ್ಲಿ 'ಧೀಪದಜ್ಜನಿಗೆ ಗಾಳಿ ಗೊತ್ತಾಗಿದೆ' ಅಂತ ಸೇರಿಸಿದೆ, ಹಾಗೇ ಹೊರಗೆ ಹೋಯಿತು ಆಟ, ಜನ ಕತ್ತಿ ಕೆಳಗಿಟ್ಟು ಸೇತುವೆಯ ಮೇಲೆ ಅಜ್ಜನ ಜತೆ ನಿಲ್ಲತೊಡಗಿದರು, ಗಂಟೆಗಟ್ಟಲೆ ಹೊತ್ತು, ಸುಮ್ಮನೆ, ದೊಡ್ಡಣ್ಣ ಸಿಟ್ಟಿನಿಂದ ಕುಣಿದಾಡಿದ, ಯಾರೋ ಇದನ್ನ ಸರಿ ಅಂತ ಬರೆದ ದಡ್ಡ, ಮೇಡಂ ಮಾತ್ರ ಪಟ್ಟಿ ತರಿಸಿ ಓದಿ ನನ್ನನ್ನು ಕರೆದರು, ಇವನಿಗೇ ಒಂದು ಆಟ ಕಟ್ತೀಯೇನಪ್ಪಾ, ಹೆಸರು ನೀನು ಬರೆದ ಹಾಗೇ ಇರ್ಲಿ, ಯಾರೂ ತಿದ್ದಬೇಡಿ. 'ಧೀಪದಜ್ಜ'. ಅಲ್ಲೇ ಇದೆ ನೋಡು ತೆರೆಯ ಮೇಲೆ, ಸೀಳಿದ ಹೊಟ್ಟೆ ಬಿಟ್ಟುಕೊಂಡು ನಗುತ್ತಿದೆ.

ಗಾಳಿ ಅಜ್ಜನಿಗೆ ಗೊತ್ತಾಗುತ್ತದೆ ಅಂತ ನನಗೆ ಹೇಗೆ ಗೊತ್ತು — ಆರು ವರ್ಷದವನಿದ್ದಾಗಿನಿಂದ ನಾನೇ ಅಜ್ಜನಲ್ಲವೇ, ಮೊದಲನೇ ಭಾಗ, ಒಂದೇ ಕೋಣೆಯ ಮನೆ, ಅಕ್ಕ ಮಂಚದ ಮೇಲೆ, ನಾನು ನೆಲದ ಮೇಲೆ, ನಾನು ವೀರ, ನೀನು ದೀಪ ಹಿಡಿಯೋನು, ತಗೋ ಇದು ನಿಂದು, ಅಂತ ಈ ಕಂಟ್ರೋಲರ್ ಕೈಗೆ ಕೊಟ್ಟಳು, ಎರಡು ವರ್ಷ ಆಡಿದೆ ನಾನು, ಅಜ್ಜನನ್ನು ನಡೆಸಿದೆ, ನಿಲ್ಲಿಸಿದೆ, ಬೆವರಿದೆ, ಅಕ್ಕಾ ನೋಡೇ ಎಷ್ಟು ಚೆನ್ನಾಗಿ ನಡೆಸ್ತಿದೀನಿ, ಹೂಂ ಕಣೋ ಭಾರೀ ನಡೆಸ್ತೀಯ ಬಿಡು, ಒಂದು ದಿನ ಚೆಂಡು ತೆಗೆಯಲು ಮಂಚದ ಕೆಳಗೆ ನುಗ್ಗಿದೆ, ಅಲ್ಲಿ ನನ್ನ ವೈರಿನ ತುದಿ, ಯಾವುದಕ್ಕೂ ಚುಚ್ಚದ ತುದಿ, ಗಾಳಿಯಲ್ಲಿ ತೂಗಾಡುತ್ತಿದೆ. ಎರಡು ದಿನ ಅಕ್ಕನ ಜತೆ ಮಾತು ಬಿಟ್ಟೆ, ಮೂರನೇ ದಿನ ಅವಳು ಮಹಡಿಗೆ ಕರೆದೊಯ್ದು ಗಾಳಿಪಟ ಬಿಟ್ಟಳು, ಬೇಕಂತಲೇ ಬಾಲಂಗೋಚಿ ಕಟ್ಟದೆ ಬಿಟ್ಟಳು, ಅದು ಗಿರಕಿ ಹೊಡೆದು ಮೂಗು ಮುರಿದುಕೊಂಡು ಬಿತ್ತು, ನೋಡಿದ್ಯಾ, ಅಂದಳು, ಲಂಗದ ಅಂಚು ಹರಿದು ಕಟ್ಟಿದಳು, ಏರಿತು, ನೆಟ್ಟಗೆ, ಏರುತ್ತಲೇ ಹೋಯಿತು, ನೀನು ಹಿಂದೆ ಇಲ್ದಿದ್ರೆ ನಾನು ಬೀಳ್ತೀನಿ ಕಣೋ ಕೋತಿ. ಇವತ್ತು ಬೆಳಿಗ್ಗೆ ಫೋನಿಗೆ ಕಳಿಸಿದ್ದಾಳೆ, ಇವತ್ತಾದ್ರೂ ವೈರು ಚುಚ್ಕೊಂಡು ಆಡ್ಸೋ — ಕತ್ತೆ, ನನ್ನಕ್ಕ. ಇದನ್ನೇ ಅನ್ನಬೇಕು ಇವನಿಗೆ, ದೊಡ್ಡಣ್ಣ, ಬಾಲಂಗೋಚಿ ಇಲ್ದೆ ಗಿರಕಿ ಹೊಡೆಯೋದು ಯಾವುದು ಹೇಳು ನೋಡೋಣ, ನಾಲಿಗೆಯ ತುದಿಗೇ ಬಂದಿದೆ, ಮುತ್ತಿನಂಥ ಮಾತು —

ಆರು. ಅಯ್ಯೋ, ಆರು, ಕನ್ನಡಕದವನು ಎದ್ದು ಹೋದ. ಈಗ ಬಟ್ಟೆ ಹೊಲಿಯುವ ಅಮ್ಮನೂ ಏಳುತ್ತಿದ್ದಾರೆ, ಎದ್ದೇ ಬಿಟ್ಟರು, ಐದಾಯಿತು, ಹೋಯಿತು, ದೊಡ್ಡಣ್ಣನ ತುಟಿ ಅರಳುತ್ತಿದೆ — ಇಲ್ಲ, ಕುರ್ಚಿ ಎಳೆದುಕೊಂಡರು, ತೆರೆಗೆ ಮೂಗು ತಾಗುವಷ್ಟು ಹತ್ತಿರ ಹಾಕಿಕೊಂಡು ಕೂತರು, ಕೂತರು ಕಣೋ. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಮೇಡಂ ಬಾಗಿಲು ತೆರೆದು ಹೊತ್ತಾಯ್ತು ಅಂದರು, ಹೊಲಿಯುವ ಅಮ್ಮ ಹಿಂದೆ ತಿರುಗದೆಯೇ ಕೈ ಬೀಸಿದರು, ಸ್ವಲ್ಪ ಸುಮ್ನಿರಮ್ಮಾ, ಅಜ್ಜ ಸೇತುವೆ ಮೇಲಿದಾನೆ, ಗಾಳಿ ಬರ್ತಿದೆ. ಆರು ಕುರ್ಚಿ, ಆರು ಬೆನ್ನು, ಆರು ಅಂಗೈ.

ಏನೋ, ಬಾಯಿಗೆ ಬೀಗ ಬಿತ್ತಾ, ಏನಾದ್ರೂ ಅನ್ನೋ, ದೊಡ್ಡಣ್ಣ ಕೇಳುತ್ತಿದ್ದಾನೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಮುತ್ತಿನಂಥ ಮಾತು ಇನ್ನೂ ನಾಲಿಗೆಯ ಮೇಲೇ ಇದೆ, ಇರಲಿ, ಅಲ್ಲೇ ಕರಗಲಿ, ಸಿಹಿಯಾಗಿದೆ, ನಾನು ತಿರುಗಿ ನಡೆಯುತ್ತಿದ್ದೇನೆ, ಆಚೆಯ ಕೋಣೆಯ ಕಡೆಗೆ, ಕಂಟ್ರೋಲರ್ ಹೆಗಲ ಮೇಲೆ, ಬೆನ್ನ ಹಿಂದೆ ಇಳಿಬಿದ್ದ ವೈರು ಹೆಜ್ಜೆಗೊಮ್ಮೆ ಅತ್ತ, ಹೆಜ್ಜೆಗೊಮ್ಮೆ ಇತ್ತ, ಅದರ ತುದಿ, ಯಾವುದಕ್ಕೂ ಚುಚ್ಚದ ತುದಿ, ತೂಗುತ್ತ, ತೂಗುತ್ತ —