ಎರಡನೇ ಗುರುವಾರ

ನಮ್ಮ ಕಸುಬಿನಲ್ಲಿ ವರ್ಷ ಜೂನ್ ತಿಂಗಳಿಗೇ ಮುಗಿದುಹೋಗುತ್ತದೆ. ಜುಲೈಗೆ ಕಾಲಿಟ್ಟೆವೆಂದರೆ ನಾವೆಲ್ಲ ಮುಂದಿನ ವರ್ಷದವರು. ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸು ನಮ್ಮದು. ಮೂವತ್ತೊಂದು ವರ್ಷದಿಂದ ನಾನಲ್ಲಿ ಪುಟ ಜೋಡಿಸಿ, ಕರಡು ತಿದ್ದುತ್ತಿದ್ದೇನೆ. ಮುಂದಿನ ವರ್ಷದ ಯಾವ ತಾರೀಖು ಯಾವ ವಾರ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಈ ವರ್ಷದ್ದು ಕೇಳಿದರೆ ತಡವರಿಸುತ್ತೇನೆ. “ನಿಮ್ಮ ಹತ್ರ ಏನಾದ್ರೂ ಮಾತಾಡ್ಬೇಕು ಅಂದ್ರೆ ಮುಂದಿನ ವರ್ಷ ಬರೋವರೆಗೂ ಕಾಯ್ಬೇಕು ಕಣ್ರೀ” ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಿದ್ದಳು. ಅವಳು ತೀರಿಕೊಂಡು ಐದು ತಿಂಗಳಾಯಿತು.

ನಾನು ಅತ್ತಿಲ್ಲ. ಅದನ್ನು ಹೆಚ್ಚುಗಾರಿಕೆ ಎಂದು ಹೇಳುತ್ತಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲು ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ನಾನು ಇಡಿಯಾಗಿ ಹಾಗೆ ಆಗಿದ್ದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೆ, ಬಸ್ಸು ಹತ್ತುತ್ತಿದ್ದೆ, ಕೆಲಸ ಮಾಡುತ್ತಿದ್ದೆ. ಜನ “ಗಟ್ಟಿ ಮನುಷ್ಯ” ಎಂದರು. ಅನ್ನಲಿ ಬಿಡಿ, ಅನ್ನುವವರಿಗೇನು.

ಈ ಸಲ ಒಂದು ದೊಡ್ಡ ಶಾಲೆಯವರು ವಿಶೇಷ ಕ್ಯಾಲೆಂಡರ್ ಕೇಳಿದ್ದರು. ಪ್ರತಿ ಹಾಳೆಯ ಕೆಳಗೆ ಒಂದು ಲ್ಯಾಟಿನ್ ಮಾತು, ಅದರಡಿ ನಮ್ಮ ಭಾಷೆಯಲ್ಲಿ ಅರ್ಥ. ಎಲ್ಲವೂ ‘ಈ ಕ್ಷಣ’ದ ಬಗ್ಗೆಯೇ ಇರಬೇಕಂತೆ. “ಲ್ಯಾಟಿನ್ ಹಾಕಿದ್ರೆ ಗೋಡೆಗೇ ಒಂದು ತೂಕ ಬರುತ್ತೆ” ಎಂದು ನಮ್ಮ ಯಜಮಾನರು ಒಪ್ಪಿಕೊಂಡುಬಿಟ್ಟರು. ಅದೇ ಶಾಲೆಯ ನಿವೃತ್ತ ಲ್ಯಾಟಿನ್ ಮೇಷ್ಟ್ರನ್ನು ಗೊತ್ತು ಮಾಡಿದ್ದಾಯಿತು. ಸತ್ತ ಭಾಷೆ ಕಲಿಸಿಯೇ ಹೊಟ್ಟೆ ಹೊರೆದವನು ನಾನು ಎಂದು ತಮ್ಮನ್ನು ತಾವೇ ಆಡಿಕೊಳ್ಳುತ್ತಿದ್ದ, ಪೀಚಲು ದೇಹದ ಮುದುಕ.

ಮೇಷ್ಟ್ರು ಒಂದು ವಾರ ತಲೆ ಕೆರೆದುಕೊಂಡು ನಲವತ್ತೊಂದು ಮಾತು ತಂದರು. ‘ಹಿಕ್ ಎತ್ ನುಂಕ್’, ಇಲ್ಲಿ, ಈಗ. ‘ಆಗೆ ಕ್ವೋದ್ ಆಗಿಸ್’, ಮಾಡುತ್ತಿರುವುದನ್ನೇ ಮಾಡು. ಹೀಗೆ.

“ಉಳಿದ ಮುನ್ನೂರ ಚಿಲ್ಲರೆ ದಿನಕ್ಕೆ?” ಎಂದು ಕೇಳಿದೆ.

“ತಿರುಗಿಸಿ ತಿರುಗಿಸಿ ಹಾಕಿ ಸ್ವಾಮೀ. ‘ಈಗ’ ಅನ್ನೋದರ ಬಗ್ಗೆ ಹೇಳೋಕೆ ಅಷ್ಟೇ ಇರೋದು. ಎಷ್ಟು ಸಲ ಹೇಳಿದ್ರೂ ಜನ ಕೇಳಲ್ಲ ಅಂತ ಗೊತ್ತಾಗಿ ಆ ಕಾಲದ ರೋಮಿನವರೂ ಸುಮ್ಮನಾದ್ರು.”

ಹಾಗೇ ಮಾಡಿದೆವು. ‘ನುಂಕ್ ಔತ್ ನುಂಕ್ವಾಮ್’ ಎಂಬುದಕ್ಕೆ ಅರ್ಥ ಕೇಳಿದಾಗ ಮೇಷ್ಟ್ರು, “ಈಗ, ಇಲ್ಲಾಂದ್ರೆ ಎಂದಿಗೂ ಇಲ್ಲ” ಎಂದರು. ಅದನ್ನು ಯಾವ ಹಾಳೆಗೆ ಹಾಕಲಿ ಎಂದು ಯೋಚಿಸಲೇ ಇಲ್ಲ. ಕೈ ತಾನಾಗಿ ಸೆಪ್ಟೆಂಬರಿಗೆ ಹೋಗಿ, ಎರಡನೇ ಗುರುವಾರದಡಿ ಅದನ್ನು ಕೂರಿಸಿತು. ಯಾಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಹಾಳೆ ತೆಗೆದೆ.

ಕಳೆದ ಸೆಪ್ಟೆಂಬರಿನ ವಿಷಯ ಅದು. ಹೆಂಡತಿಗೆ ಹೊಟ್ಟೆಯಲ್ಲಿ ಗಂಟು ಇದೆಯೆಂದು ಗೊತ್ತಾಗಿತ್ತು. ನಮ್ಮ ಆಸ್ಪತ್ರೆಗೆ ತಜ್ಞ ಡಾಕ್ಟರಮ್ಮ ಬರುವುದು ತಿಂಗಳಿಗೆ ಒಂದೇ ದಿನ. ಫೋನಿನಲ್ಲಿ “ಎರಡನೇ ಗುರುವಾರ ಬನ್ನಿ” ಎಂದರು. ಕೈಯಲ್ಲಿ ಕರಡು ಹಿಡಿದುಕೊಂಡೇ ನಾನು ಹೆಂಡತಿಗೆ “ಹದಿನಾಲ್ಕಕ್ಕೆ ರಜ ಹಾಕು” ಎಂದೆ. ವಾರ ಹೇಳಲಿಲ್ಲ, ತಾರೀಖು ಮಾತ್ರ ಹೇಳಿದೆ. ಅವಳು ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು, ರಜ ಸುಲಭಕ್ಕೆ ಸಿಗುತ್ತಿರಲಿಲ್ಲ. ನಾನು ಹೇಳಿದ್ದನ್ನು ಅವಳು ಮತ್ತೆ ಪರೀಕ್ಷಿಸಿ ನೋಡುವ ಪೈಕಿಯಲ್ಲ. ಕ್ಯಾಲೆಂಡರಿನವನೇ ಮನೆಯಲ್ಲಿರುವಾಗ ಕ್ಯಾಲೆಂಡರ್ ನೋಡುವವರಾರು?

ಹದಿನಾಲ್ಕು ಎರಡನೇ ಗುರುವಾರವಾಗಿದ್ದದ್ದು ನನ್ನ ಕೈಯಲ್ಲಿದ್ದ ವರ್ಷದಲ್ಲಿ. ನಾವು ಬದುಕಿದ್ದ ವರ್ಷದಲ್ಲಿ ಅದು ಬುಧವಾರ. ಎರಡನೇ ಗುರುವಾರ ಎಂಟಕ್ಕೇ ಬಂದು ಹೋಗಿತ್ತು. ಆಸ್ಪತ್ರೆಯ ಕಿಟಕಿಯಲ್ಲಿ ಕೂತಿದ್ದವಳು, “ಡಾಕ್ಟ್ರು ಹೋದ ವಾರ ಬಂದಿದ್ರಲ್ಲ, ನಿಮ್ಮ ಹೆಸರನ್ನ ಎರಡು ಸಲ ಕೂಗಿದ್ರು” ಎಂದಳು. ಊರಿಗೆಲ್ಲ ತಾರೀಖು ಹಂಚುವವನ ಮನೆಯಲ್ಲಿ ಆದದ್ದು ಇದು. ದೀಪದ ಬುಡದಲ್ಲೇ ಕತ್ತಲೆ.

ಮುಂದಿನ ಸರದಿ ನಾಲ್ಕು ವಾರಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ, “ಮಗಳಿಗೆ ಡಾಕ್ಟ್ರು ಬಂದಿರ್ಲಿಲ್ಲ ಅಂತ ಹೇಳ್ತೀನಿ. ನೀವು ಬಾಯಿ ಬಿಡ್ಬೇಡಿ” ಎಂದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ನಾಲ್ಕು ವಾರದ ನಂತರ ಡಾಕ್ಟರಮ್ಮ, ಇದು ಹರಡಿಬಿಟ್ಟಿದೆ ಎಂದರು. ಮೊದಲೇ ಬಂದಿದ್ದರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ಮಗಳು ಮನೆಗೆ ಕರೆದಳು. ಅವಳಿರುವುದು ವಿಮಾ ಕಚೇರಿಯಲ್ಲಿ, ಅರ್ಜಿ ಬರೆಯುವುದೆಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಮೇಜಿನ ಮೇಲೆ ಟೈಪು ಮಾಡಿದ ನಾಲ್ಕು ಹಾಳೆ ಇದ್ದವು. ಆ ಡಾಕ್ಟರಮ್ಮನ ಮೇಲೆ ದೂರು. ಬರಬೇಕಾದ ದಿನ ಬಾರದೆ ರೋಗಿಯ ನಾಲ್ಕು ವಾರ ಹಾಳು ಮಾಡಿದರು, ಇಂಥವರನ್ನು ಕೆಲಸದಿಂದ ತೆಗೆಯಬೇಕು ಎಂದು.

“ರಿಜಿಸ್ಟರ್ ಆಸ್ಪತ್ರೆಯವ್ರ ಕೈಲೇ ಇರುತ್ತೆ, ಡಾಕ್ಟ್ರು ಬಂದಿದ್ರು ಅಂತ್ಲೇ ಬರ್ಕೊಂಡಿರ್ತಾರೆ” ಎಂದಳು. “ಅದಕ್ಕೇ ನಿನ್ನ ಸಹಿ ಬೇಕಪ್ಪ. ನೀನು ಕಣ್ಣಾರೆ ನೋಡಿದ್ದೀಯಲ್ಲ. ತಪ್ಪು ಯಾರದು ಅಂತ ಆಚೆ ಬರ್ಲಿ.”

ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳಲೂ ಇಲ್ಲ. ಪೆನ್ನು ತೆಗೆದುಕೊಂಡೆ. ಸಹಿ ಹಾಕಿಬಿಡುತ್ತಿದ್ದೆನೇನೋ, ಸುಳ್ಳು ಹೇಳುವುದಿಲ್ಲ. ಡಾಕ್ಟರಮ್ಮನಿಗೆ ಏನಾಗುತ್ತದೆ ಎಂಬುದು ಕೂಡ ನನಗೆ ತಟ್ಟುತ್ತಿರಲಿಲ್ಲ. ಆದರೆ ಸಹಿಯ ಮೇಲೆ ಒಂದು ಜಾಗ ಖಾಲಿ ಬಿಟ್ಟಿದ್ದಳು.

“ಆವತ್ತು ತಾರೀಖು ಎಷ್ಟು? ಅದನ್ನ ನಿನ್ನ ಕೇಳೇ ಹಾಕೋಣ ಅಂತ ಬಿಟ್ಟಿದ್ದೆ.”

“ಹದಿನಾಲ್ಕು” ಎಂದೆ. “ಡಾಕ್ಟ್ರು ಬರ್ಬೇಕಿದ್ದಿದ್ದು ಎಂಟಕ್ಕೆ. ಎಂಟಕ್ಕೆ ಬಂದಿದ್ರು. ಬಾರದೇ ಇದ್ದವರು ನಾವು. ನಾನು ಬರೋ ವರ್ಷದ ತಾರೀಖು ಹೇಳಿಬಿಟ್ಟೆ, ಮಗಳೇ.”

ಅವಳು ನನ್ನ ಮುಖ ನೋಡಿದಳು.

“ಅಮ್ಮಂಗೆ ಗೊತ್ತಿತ್ತಾ?”

“ಗೊತ್ತಿತ್ತು. ನಿನಗೆ ಹೇಳ್ಬೇಡಿ ಅಂದಿದ್ದೇ ಅವಳು.”

“ಮತ್ತೆ ಈಗ್ಯಾಕೆ ಹೇಳ್ದೆ?”

ಒಂದು ವರ್ಷದಿಂದ ಹೇಳಬಹುದಾಗಿದ್ದ ದಿನಗಳು ಎಷ್ಟು ಹೋಗಿವೆ ಎಂದು ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತು.

“ಸಹಿ ಹಾಕಿದ್ಮೇಲೆ ಹೇಳೋಕಾಗ್ತಿರ್ಲಿಲ್ಲ” ಎಂದೆ.

ಅವಳು ಹಾಳೆಗಳನ್ನು ಒಟ್ಟು ಮಾಡಿ ಬೋರಲು ಹಾಕಿದಳು. “ಅಮ್ಮ ಕೊನೆ ತಿಂಗಳು ಆ ಡಾಕ್ಟ್ರನ್ನ ಒಂದು ಮಾತೂ ಬೈಯಲಿಲ್ಲ. ನಾನೇ ಬೈದೆ. ಅವಳ ಎದುರಿಗೇ ದಿನಾ ಬೈದೆ. ನೀನು ಅಲ್ಲೇ ಕೂತು ಕೇಳ್ತಿದ್ದೆ.” ಅವಳ ದನಿ ಏರಲಿಲ್ಲ. “ಹೋಗಪ್ಪ. ಈಗ ಹೋಗು.”

“ಮತ್ತೆ ಯಾವಾಗ ಬರ್ಲಿ?”

“ಗೊತ್ತಿಲ್ಲ.”

ಬಾಗಿಲು ದಾಟಿ ಚಪ್ಪಲಿ ಮೆಟ್ಟಿಕೊಂಡೆ. ಎರಡು ಮೆಟ್ಟಿಲು ಇಳಿದಿದ್ದೆ, ಒಳಗೆ ಅವಳು ಅಳುವುದು ಕೇಳಿಸಿತು. ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆಯೇ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ನನಗೆ ನೋವಾಯಿತು. ಎದೆಯ ನಡುವೆ, ಇಂಥ ಕಡೆ ಎಂದು ಬೆರಳಿಟ್ಟು ತೋರಿಸಬಹುದಾದಷ್ಟು ನೋವಾಯಿತು. ಬಾಗಿಲು ತಟ್ಟುವ ಮುಖ ನನಗಿರಲಿಲ್ಲ, ಬಿಟ್ಟು ಹೋಗಲೂ ಆಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು, ಅವಳು ಅಳುವಷ್ಟು ಹೊತ್ತೂ ಕೇಳಿಸಿಕೊಂಡೆ.